ಹುಂಜವೋ ಹೇಂಟೆಯೋ? ತಂದ ಕೋಳಿಯನ್ನು ಗುರುತಿಸುವುದು ಹೀಗೆ

ಕಾರವಾರದ ಭಾನುವಾರದ ಸಂತೆಯಿಂದಲೋ, ಊರೂರು ತಿರುಗುವ ಮರಿ ಗಾಡಿಯಿಂದಲೋ ನಾಲ್ಕು ಕೋಳಿ ತಂದಿದ್ದೀರಿ. ಮಾರಿದವರು ‘ಎಲ್ಲಾ ಹೇಂಟೆನೇ, ಪಕ್ಕಾ ನಾಟಿ’ ಅಂದಿರುತ್ತಾರೆ. ಆ ಮಾತನ್ನು ಅಲ್ಲಿಗೇ ಬಿಟ್ಟು ಕೋಳಿಯನ್ನೇ ನೋಡಿ.

ಒಂದೆರಡು ದಿನದ ಮರಿಯಾದರೆ ಸದ್ಯಕ್ಕೆ ಏನೂ ಮಾಡಬೇಡಿ. ಹ್ಯಾಚರಿಗಳಲ್ಲಿ ಪಳಗಿದವರು ಮರಿಯ ಗುದದ್ವಾರ ಬಿಡಿಸಿ ಗುರುತಿಸುತ್ತಾರೆ. ನಾವು ಹಾಗೆ ಮಾಡಹೋದರೆ ಮರಿಗೆ ಪೆಟ್ಟಾಗುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಚೂಪು ಮೊಟ್ಟೆಯಲ್ಲಿ ಹುಂಜ ಬರುತ್ತದೆ ಅನ್ನುವುದು ಎಲ್ಲಾ ಸುಮ್ನೆ.

ಐದಾರು ವಾರವಾದ ಮೇಲೆ ಜುಟ್ಟು ನೋಡಬಹುದು. ಒಂದೇ ವಯಸ್ಸಿನ ಮರಿಗಳನ್ನು ಅಕ್ಕಪಕ್ಕ ಬಿಡಿ. ಹುಂಜದ ಜುಟ್ಟು ಆಗಲೇ ಕೆಂಪೇರಿರುತ್ತದೆ, ಕಾಲು ದಪ್ಪ. ಹೇಂಟೆಯ ಜುಟ್ಟು ಸಣ್ಣದು, ಬಣ್ಣವೂ ಪೇಲವ.

ಆದರೆ ತಳಿ ಗೊತ್ತಿಲ್ಲದೆ ಜುಟ್ಟನ್ನು ನಂಬಿದರೆ ಮೋಸ ಹೋಗುತ್ತೀರಿ. ಅಸೀಲ್ ಕೋಳಿ ಎತ್ತರ, ಕುತ್ತಿಗೆ ಉದ್ದ, ನೆಟ್ಟಗೆ ನಿಲ್ಲುತ್ತದೆ. ಅದರ ಹುಂಜಕ್ಕೂ ಜುಟ್ಟು ಪುಟ್ಟದೇ. ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್‌ಗೆ ಜುಟ್ಟೇ ಕಪ್ಪು. ಇದರ ಹೆಸರಲ್ಲಿ ಬರೀ ಕರಿ ಗರಿಯ ಕೋಳಿ ಮಾರುವವರೂ ಇದ್ದಾರೆ. ಹಾಗಾಗಿ ಬಾಯಿ ಬಿಡಿಸಿ ನಾಲಿಗೆ ನೋಡಿ, ಎದೆಯ ಗರಿ ಊದಿ ಚರ್ಮ ನೋಡಿ. ಅವೂ ಕಪ್ಪಾಗಿರಬೇಕು. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು.

ಜಾಸ್ತಿ ಗೊಂದಲ ಆಗುವುದು ಗಿರಿರಾಜದಿಂದ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ತಳಿ ಇದು. ನಾಟಿಯ ಹಾಗೇ ಬಣ್ಣಬಣ್ಣದ ಗರಿ, ಆದ್ದರಿಂದ ಬಣ್ಣ ನೋಡಿ ಹೇಳಲಾಗದು. ಕೈಯಲ್ಲಿ ಎತ್ತಿ ನೋಡಿ. ಅದೇ ವಯಸ್ಸಿನ ನಾಟಿಗಿಂತ ಗಿರಿರಾಜ ಎಷ್ಟೋ ಭಾರ, ಎದೆ ಅಗಲ. ವರ್ಷಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದು ಅಪರೂಪ. ನಮ್ಮ ನಾಟಿ ಹೇಂಟೆ ಅಷ್ಟು ಇಡುವುದಿಲ್ಲ, ಆದರೆ ಕಾವು ಕೂತು ಮರಿಗಳನ್ನು ತಾನೇ ಬೆಳೆಸುತ್ತದೆ. ನನ್ನನ್ನು ಕೇಳಿದರೆ ಮನೆಯಲ್ಲಿ ಒಂದಾದರೂ ನಾಟಿ ಹೇಂಟೆ ಇರಲೇಬೇಕು.

ನಂಬಬಹುದಾದ ಗುರುತು ಸಿಗುವುದು ಮೂರು ತಿಂಗಳ ಹೊತ್ತಿಗೆ. ಬೆಳಕಿರುವಾಗ ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಳ್ಳಿ. ಬೆನ್ನು ಮುಗಿದು ಬಾಲ ಶುರುವಾಗುವ ಜಾಗದಲ್ಲಿ ಒಂದು ಗರಿಯನ್ನು ಬೆರಳಿಂದ ಬಿಡಿಸಿ. ಸಪೂರವಾಗಿ, ತುದಿ ಚೂಪಾಗಿ, ಮಿರಿಮಿರಿ ಹೊಳೆಯುತ್ತಾ ಪಕ್ಕಕ್ಕೆ ಜೋತುಬಿದ್ದಿದ್ದರೆ ಹುಂಜ. ಅಗಲವಾಗಿ, ತುದಿ ಗುಂಡಗಿದ್ದರೆ ಹೇಂಟೆ. ಅಸೀಲ್‌ಗೂ ಕಡಕ್‌ನಾಥ್‌ಗೂ ಇದೇ ಲೆಕ್ಕ. ಕುತ್ತಿಗೆಯ ಗರಿಯಲ್ಲೂ ಈ ವ್ಯತ್ಯಾಸ ಇದೆ, ಆದರೆ ಅಷ್ಟು ಸ್ಪಷ್ಟವಿಲ್ಲ. ಕಾಲಿನ ಮುಳ್ಳು ವಯಸ್ಸಾದ ಹೇಂಟೆಗೂ ಬರುವುದುಂಟು.

ದೊಡ್ಡ ಹೇಂಟೆಯನ್ನೇ ತಂದಿದ್ದರೆ ಮೊಟ್ಟೆ ಇಡುತ್ತಿದೆಯಾ ಅನ್ನುವುದು ಮುಖ್ಯ, ಅಲ್ವಾ? ಗುದದ್ವಾರದ ಎರಡೂ ಬದಿಗೆ ಒಂದೊಂದು ಸಣ್ಣ ಮೂಳೆ ಕೈಗೆ ತಾಗುತ್ತದೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಇಡುತ್ತಿದೆ. ಒಂದೇ ಬೆರಳಾದರೆ ಇನ್ನೂ ಶುರುವಾಗಿಲ್ಲ, ಇಲ್ಲವೇ ನಿಲ್ಲಿಸಿದೆ.

ಹುಂಜಗಳೇ ಜಾಸ್ತಿ ಬಂದಿದ್ದರೆ ಎಲ್ಲವನ್ನೂ ಇಟ್ಟುಕೊಳ್ಳಬೇಡಿ. ಹೇಂಟೆಗಳ ಬೆನ್ನ ಗರಿ ಕಿತ್ತುಹಾಕುತ್ತವೆ. ಮರಿ ಮಾಡಿಸಲು ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೊಟ್ಟೆ ತಿನ್ನಲಷ್ಟೇ ಆದರೆ ಹುಂಜವೇ ಬೇಡ.