ಒಣಗಿದ ಮೇಲೆ ಕಾಣುವ ಎಳೆ

ಸಿದ್ದಾಪುರ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮನೆಯ ಗೋಡೆಗೆ ಎಳೆ ಎಳೆಯಾಗಿ ಬರೆಯುವ ಹಸೆ ಚಿತ್ತಾರ ಮಾಡಿಸೋಣ ಅಂತ ಮೊದಲ ವರ್ಷ ಹೊರಟಾಗ ಕಂದು ಬಣ್ಣದ ಶೀಟು, ಬಿಳಿ ಪೋಸ್ಟರ್ ಕಲರ್, ಸ್ಕೇಲು ಕೊಟ್ಟಿದ್ದೆ. ನೀಟಾಗಿಯೇ ಬಂತು, ಬಚ್ಚಲುಮನೆಯ ಟೈಲ್ಸ್ ಥರ. ನಮ್ಮ ತರಗತಿಯಲ್ಲಿ ದೀವರ ಮನೆಯ ಮಕ್ಕಳು ಜಾಸ್ತಿ. ಅಜ್ಜಿಯಂದಿರು ಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ತಾರ ಈ ಮಕ್ಕಳಿಗೆ ನನ್ನ ಹೋಂವರ್ಕ್ ಆಗಿಬಿಟ್ಟಿತ್ತು.

ಮರುವರ್ಷ ಕಾಗದ ಬಿಟ್ಟು ಬುಟ್ಟಿ ಹಿಡಿದೆವು. ಆಶ್ವೀಜದ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುತ್ತಾರಲ್ಲ, ಆ ಬೂಮಣ್ಣಿ ಬುಟ್ಟಿ. ಎಂಟನೇ ತರಗತಿಯ 32 ಮಕ್ಕಳಿಗೆ ಸಂತೆಯಿಂದ 8 ಬಿದಿರಿನ ಬುಟ್ಟಿ ತಂದೆ. ಹಬ್ಬಕ್ಕೆ ಇನ್ನು ಮೂರು ವಾರ ಇತ್ತು.

ಮೊದಲು ಸಗಣಿ ಬಳಿಯಬೇಕು. ಇಲ್ಲದಿದ್ದರೆ ಬಣ್ಣವೆಲ್ಲ ಬಿದಿರಿನ ಸಂದಿಗೆ ಇಳಿಯುತ್ತದೆ. ಗಂಡುಹುಡುಗರು ಮೂಗು ಹಿಡಿದು ನಿಂತರು. ಬುಟ್ಟಿ ಬೇಗ ಒಣಗಲಿ ಅಂತ ಒಂದು ಗುಂಪು ಬಿಸಿಲಿಗೆ ಇಟ್ಟಿತು, ಮಧ್ಯಾಹ್ನಕ್ಕೆ ಬಿರುಕು. ನೆರಳಲ್ಲಿ ಎರಡು ದಿನ ಇಟ್ಟವು ಸರಿಯಾದವು.

ಕೆಮ್ಮಣ್ಣಿಗೆ ನಾವು ದುಡ್ಡು ಕೊಡಬೇಕಾಗಿಲ್ಲ, ಶಾಲೆಯ ಹಿಂದಿನ ಧರೆಯೇ ಸಾಕು. ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿಗೆ ಹಾಕಿ ಕಲಕಬೇಕು. ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಕೆಸರು ಇಳಿಯಲು ಬಿಟ್ಟೆವು. ಮೊದಲ ಸಲ ಅದನ್ನು ಹಾಗೇ ಬಳಿದೆವು. ಒಣಗಿದ ಮೇಲೆ ಮುಟ್ಟಿದರೆ ಕೈಯೆಲ್ಲ ಕೆಂಪು. ಸ್ವಲ್ಪ ಅನ್ನದ ಗಂಜಿ ಕಲಸಿದ ಮೇಲೆ ನಿಂತಿತು.

ಬಿಳಿ ಅಂದರೆ ಅಕ್ಕಿ. ರಾತ್ರಿ ನೆನೆಹಾಕಿ, ನುಣ್ಣಗೆ ಅರೆದು, ಸೋಸಬೇಕು. ತರಿ ಉಳಿದರೆ ಪುಂಡಿ ಗಿಡದ ನಾರಿನ ಕುಂಚಕ್ಕೆ ಸಿಕ್ಕಿಕೊಂಡು ಎಳೆ ತುಂಡಾಗುತ್ತದೆ. ಶುಕ್ರವಾರ ಅರೆದದ್ದು ಸೋಮವಾರಕ್ಕೆ ಹುಳಿ ವಾಸನೆ ಹೊಡೆಯಿತು, ಅದೊಂದು ಬೇರೆ ಗೋಳು. ಅಕ್ಕಿ ಹುರಿದು ಕರಿ ಮಾಡಿ ಅರೆದರೆ ಕಪ್ಪು. ಹಳದಿಗೆ ಗುರಿಗೆ ಕಾಯಿ ಬೇಕಿತ್ತು, ಸಿಗಲಿಲ್ಲ, ಅರಿಶಿನ ಹಾಕಿದೆವು. ಒಬ್ಬ ಜಾಣ ಬಿಳಿ ಇನ್ನೂ ಬೆಳ್ಳಗಾಗಲಿ ಅಂತ ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿದ್ದ. ಅದು ಪಕ್ಕದ ಅರಿಶಿನಕ್ಕೆ ತಾಗಿದ್ದೇ ತಡ, ಓಕುಳಿ! ಅವತ್ತಿನ ವಿಜ್ಞಾನ ಪಾಠ ಪುಕ್ಕಟೆ.

ನಿಜವಾದ ಪೇಚಾಟ ಬರೆಯುವಾಗ. ಅಕ್ಕಿಹಿಟ್ಟು ಹಸಿ ಇದ್ದಾಗ ಕೆಮ್ಮಣ್ಣಿನ ಮೇಲೆ ಸರಿಯಾಗಿ ಕಾಣುವುದೇ ಇಲ್ಲ. ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಮಕ್ಕಳು ಕಾಣಲಿಲ್ಲ ಅಂತ ಅದರ ಮೇಲೇ ಮತ್ತೆ ಎಳೆದರು, ಇನ್ನೊಮ್ಮೆ ಎಳೆದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಎಳೆಯೆಲ್ಲ ಹಗ್ಗದಷ್ಟು ದಪ್ಪ. ನನಗೂ ಉಪಾಯ ಹೊಳೆಯಲಿಲ್ಲ.

ಒಬ್ಬ ಹುಡುಗಿಯ ಅಜ್ಜಿಯನ್ನು ಕರೆಸಿದೆ. ಅವರು ಕುಂಚವನ್ನು ಪೆನ್ನಿನ ಹಾಗೆ ಹಿಡಿಯಲೇ ಇಲ್ಲ. ನಾರನ್ನು ಮಲಗಿಸಿ, ಉದ್ದಕ್ಕೆ ತಾಗಿಸಿ, ಎಳೆದುಬಿಟ್ಟರು. ಸ್ಕೇಲಿಲ್ಲ, ರಬ್ಬರಿಲ್ಲ. "ಕಾಣ್ದಿದ್ರೆ ಏನಾತು ಅಕ್ಕೋರೆ, ಕೈಗೆ ಗೊತ್ತಿರ್ತದಲ" ಅಂದರು. ಆಮೇಲೆ ನಾನು ಒಂದೇ ನಿಯಮ ಮಾಡಿದೆ: ಒಂದು ಎಳೆ ಒಂದೇ ಸಲ, ತಪ್ಪಾದರೂ ಮುಂದಿನದಕ್ಕೆ ಹೋಗಿ. ಮೂರನೇ ದಿನಕ್ಕೆ ಎರಡೆಳೆ ಜೊತೆಜೊತೆಗೆ ಓಡತೊಡಗಿತು. ಸೊಟ್ಟ ಇತ್ತು, ಆದರೆ ಟೈಲ್ಸ್ ಥರ ಇರಲಿಲ್ಲ.

ಎಂಟರಲ್ಲಿ ಎರಡು ಬುಟ್ಟಿ ಹಬ್ಬದ ಬೆಳಗ್ಗೆ ಗದ್ದೆಗೆ ಹೋದವು. ಒಂದರ ತಳದ ಚಿತ್ತಾರ ಇಬ್ಬನಿಗೆ ತೊಳೆದುಹೋಗಿತ್ತು. "ಮೇಲಿಂದ ವಾರ್ನಿಶ್ ಹೊಡೀಬಹುದಿತ್ತಲ್ವಾ ಟೀಚರ್" ಅಂತ ಸುಣ್ಣ ಹಾಕಿದ್ದ ಹುಡುಗನೇ ಕೇಳಿದ. ಬುಟ್ಟಿಯ ಹುಡುಗಿಗೆ ಸಿಟ್ಟು ಬಂತು. "ಮುಂದಿನ ವರ್ಷ ಮತ್ತೆ ಬರೀತೀವಲ್ಲ" ಅಂದಳು.