ಬಿದ್ದ ಮನೆಯ ಕಲ್ಲಿನಲ್ಲೇ ಹೊಸ ಮನೆ

ನಾನು ಗೌಂಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಊರಲ್ಲಿ ಬಿದ್ದವು ಹೆಚ್ಚಾಗಿ ಮಣ್ಣಿನ ಮಾಳಿಗೆಯ, ಅಂದರೆ ತೊಲೆ, ಜಂತಿ ಮೇಲೆ ಮಣ್ಣು ಹಾಕಿದ ಚಾವಣಿಯ ಮನೆಗಳು. ಅಂಥ ಗೋಡೆಗೆ ಎರಡೂ ಕಡೆ ಕಲ್ಲು, ನಡುವೆ ಬರೀ ಮಣ್ಣು. ನೀರು ನಿಂತರೆ ಮಣ್ಣು ಕರಗಿ ಗೋಡೆ ಹೊಟ್ಟೆ ಬಿಡುತ್ತದೆ. ಮಳೆಗೆ ನೆನೆದ ಮಾಳಿಗೆಯ ಭಾರ ಬೇರೆ. ಒಂದು ಮೂಲೆ ಕುಸಿದರೆ ಸಾಕು, ತೊಲೆ, ಜಂತಿ ಎಲ್ಲ ನೆಲಕ್ಕೆ.

ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ಬರುತ್ತಿದ್ದುದು ಕಂತಿನಲ್ಲಿ. ಒಂದು ಹಂತ ಮುಗಿಸಿ ಫೋಟೊ ಹಾಕಿದರೆ ಮುಂದಿನ ಕಂತು. ಕೂಲಿ ಮಾಡಿ ಉಣ್ಣುವವರು ಅಲ್ಲಿವರೆಗೆ ಸಿಮೆಂಟು, ಕಬ್ಬಿಣ ಹೇಗೆ ತರಬೇಕು?

ಅದಕ್ಕೆ ನಮ್ಮ ಓಣಿಯವರು ಮುಯ್ಯಾಳಿನ ಲೆಕ್ಕ ಹಿಡಿದರು. ಬಿತ್ತನೆಗೆ, ರಾಶಿಗೆ ಒಬ್ಬರಿಗೊಬ್ಬರು ಆಳಾಗಿ ಹೋಗುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಅದನ್ನೇ ಮನೆ ಕೆಲಸಕ್ಕೂ ತಂದೆವು. ಇವತ್ತು ನಿಮ್ಮ ಪಾಯಾ, ನಾಳೆ ನಮ್ಮದು. ಸಿಮೆಂಟು, ಉಸುಕು ಎಲ್ಲರಿಗೂ ಸೇರಿಸಿ ತರಿಸಿದ್ದರಿಂದ ಗಾಡಿ ಬಾಡಿಗೆ ಉಳಿಯಿತು. ಯಾರ ಕಂತು ಮೊದಲು ಬಂತೋ ಅವರ ದುಡ್ಡಲ್ಲಿ ಇನ್ನೊಬ್ಬರ ಮನೆಗೂ ಚೀಲ ಹೋದವು. ಒಬ್ಬಂಟಿ ಹೆಣ್ಣುಮಕ್ಕಳು ಕೆಲಸದವರಿಗೆ ರೊಟ್ಟಿ ಬಡಿದು ಕೊಟ್ಟರು, ಅದೂ ಮುಯ್ಯಾಳೇ ಅಂತ ಹಿರಿಯರು ತೀರ್ಮಾನ ಮಾಡಿದರು. ಸರಿಯಾದ ತೀರ್ಮಾನ.

ಖರ್ಚು ಇಳಿದದ್ದು ಹಳೆ ಕಲ್ಲಿನಿಂದ. ಬಿದ್ದ ಮನೆಯ ಕಲ್ಲು, ಬಾಗಿಲು, ಚೌಕಟ್ಟು, ಗಟ್ಟಿ ಇದ್ದ ತೊಲೆ ಎಲ್ಲ ಆರಿಸಿ ಇಟ್ಟೆವು. ಕಲ್ಲು ಹಳೆಯದೇ, ಕಟ್ಟುವ ರೀತಿ ಮಾತ್ರ ಬದಲಾಯಿತು. ನಮ್ಮದು ಎರೆ ಭೂಮಿ, ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಮೇಲೆ ಪಾಯಾ ತೋಡಿದರೆ ಎರಡು ವರ್ಷಕ್ಕೆ ಗೋಡೆ ಸೀಳುತ್ತದೆ. ಹಾಗಾಗಿ ಗಟ್ಟಿ ನೆಲ ಸಿಗುವ ತನಕ ತೋಡಿ, ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಹಾಕಿ, ನೀರು ಹೊಡೆದು, ಬಡಿದು ದಮ್ಮಸು ಮಾಡಿದೆವು. ಗೋಡೆಯ ಎರಡೂ ಮುಖ ಹಿಡಿಯುವ ಉದ್ದ ಕಲ್ಲನ್ನು ಅಲ್ಲಲ್ಲಿ ಅಡ್ಡ ಕೂರಿಸಿದೆವು. ಮಣ್ಣಿನ ಬದಲು ಸಿಮೆಂಟು ಗಾರೆ. ಪಾಯಾದ ಮೇಲೊಂದು, ಬಾಗಿಲ ಮೇಲೊಂದು ಕಾಂಕ್ರೀಟ್ ಪಟ್ಟಿ ಮನೆ ಸುತ್ತ ಓಡಿಸಿದೆವು. ಈ ಪಟ್ಟಿಗೆ ಮಾತ್ರ ಕಬ್ಬಿಣ ಉಳಿಸಲು ಹೋಗಬೇಡಿ. ಗೋಡೆಗಳು ಒಂದನ್ನೊಂದು ಬಿಡದಂತೆ ಹಿಡಿಯುವುದು ಅದೇ. ಗೋಡೆ ಮೇಲೆ ನೆರೆ ನೀರಿನ ಗುರುತು ಇತ್ತಲ್ವಾ, ಮನೆಯ ನೆಲ ಅದಕ್ಕಿಂತ ಎತ್ತರಕ್ಕೆ ಬಂತು. ಹೊಳೆಗೆ ತೀರಾ ಹತ್ತಿರ ಇದ್ದವರಿಗೆ ಅಲ್ಲೇ ಕಟ್ಟಬೇಡಿ ಅಂದೆ. ಅವರು ಮೇಲಿನ ಓಣಿಗೆ ಬಂದರು.

ನಕ್ಷೆ ಗೀಚುವಾಗ ಒಬ್ಬ ಅಜ್ಜಿ ಕೇಳಿದ್ದಳು: "ತಮ್ಮಾ, ಎತ್ತು ಎಲ್ಲಿ ಕಟ್ಟೋದು?" 2009ರ ನೆರೆ ಆದ ಮೇಲೆ ಎಷ್ಟೋ ಕಡೆ ಎತ್ತರದ ಜಾಗದಲ್ಲಿ ಸಾಲುಮನೆ ಕಟ್ಟಿದ್ದರು. ದನಕ್ಕೆ ಜಾಗ ಇಲ್ಲ, ಹೊಲ ದೂರ. ಜನ ಹಳೆ ಊರಿಗೇ ವಾಪಸ್ ಬಂದರು. ಅದಕ್ಕೇ ಕೋಣೆ ಸಣ್ಣದಾದರೂ ಚಿಂತೆಯಿಲ್ಲ ಅಂತ ಪ್ರತಿ ಮನೆಗೂ ದನ ಕಟ್ಟಿ ಮೇವು ಹಾಕುವ ಗ್ವಾದಲಿಗೆ ಜಾಗ ಬಿಟ್ಟೆವು.

ಇನ್ನೂ ಬಗೆಹರಿಯದ್ದು ಉತಾರದ, ಅಂದರೆ ಮನೆ ಯಾರ ಹೆಸರಲ್ಲಿದೆ ಅನ್ನುವ ದಾಖಲೆಯ ವಿಷಯ. ಮನೆ ಅಜ್ಜನ ಹೆಸರಲ್ಲಿ, ಒಳಗೆ ಮೂವರು ಅಣ್ಣತಮ್ಮಂದಿರ ಸಂಸಾರ, ಪರಿಹಾರ ಒಂದೇ ಮನೆಗೆ. ಅಂಥವರಿಗೆ ಪಾಯಾ ಮಾತ್ರ ಮೂರು ಪಾಲಿಗೂ ಹಾಕಿಕೊಟ್ಟೆವು, ಗೋಡೆ ಒಂದು ಪಾಲಿನದಷ್ಟೇ ಎದ್ದಿದೆ. ಉಳಿದೆರಡು ಪಾಲಿಗೆ ಅವರು ಸುಗ್ಗಿ ಸುಗ್ಗಿಗೆ ಸ್ವಲ್ಪ ಸ್ವಲ್ಪ ಕಲ್ಲು ಕೂಡಿಸುತ್ತಿದ್ದಾರೆ.