ಅಣಬೆ ಶೆಡ್ಡಿಗೊಂದು ಕಾವಲು ಪೆಟ್ಟಿಗೆ

ತಿಪಟೂರು ಕಡೆಯ ನಮ್ಮ ತೋಟದಲ್ಲಿ ಹಿಂದೆ ಉಂಡೆ ಕೊಬ್ಬರಿಗೆಂದು ಕಾಯಿ ತುಂಬಿಡುತ್ತಿದ್ದ ಶೆಡ್ಡು ಒಂದಿದೆ. ಇಟ್ಟಿಗೆ ಗೋಡೆ, ಮಂಗಳೂರು ಹೆಂಚು, ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದ. ಈಗ ಅದರೊಳಗೆ ಚಿಪ್ಪಣಬೆ ಬೆಳೆಯುತ್ತೇನೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬೀಜ ತರುವುದು, ಭತ್ತದ ಹುಲ್ಲನ್ನು ಬಿಸಿನೀರಲ್ಲಿ ಅದ್ದಿ ಬಸಿದು ಚೀಲಕ್ಕೆ ತುಂಬುವುದು, ಇವೆಲ್ಲ ಎಲ್ಲರೂ ಮಾಡುವ ಹಾಗೆಯೇ. ಇಲ್ಲಿ ಹೇಳಹೊರಟಿರುವುದು ಆ ಕೋಣೆಯ ಬಿಸಿ, ತಂಪು, ತೇವ ನೋಡಿಕೊಳ್ಳಲು ನಾನೇ ಕಟ್ಟಿಕೊಂಡ ಪೆಟ್ಟಿಗೆಯ ಬಗ್ಗೆ.

ಚಿಪ್ಪಣಬೆಗೆ ಚೀಲದಲ್ಲಿ ಬಿಳಿ ಎಳೆ ಹಬ್ಬುವಾಗ 24ರಿಂದ 28 ಡಿಗ್ರಿ ಇದ್ದರೆ ಚೆನ್ನ. ಮೊಗ್ಗು ಬಂದ ಮೇಲೆ ಇನ್ನೆರಡು ಡಿಗ್ರಿ ಕಡಿಮೆಯಾದರೂ ಸರಿ, ಆದರೆ ತೇವಾಂಶ ಶೇ. 85ರ ಆಸುಪಾಸಿನಲ್ಲಿರಬೇಕು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಮುಟ್ಟುತ್ತದೆ, ಡಿಸೆಂಬರ್ ಬೆಳಗಿನ ಜಾವ 15ಕ್ಕೆ ಇಳಿಯುತ್ತದೆ. ಈ ಎರಡನ್ನೂ ಯಂತ್ರದ ತಲೆಗೇ ಕಟ್ಟಿದರೆ ಕರೆಂಟ್ ಬಿಲ್ಲು ಅಣಬೆಯ ದುಡ್ಡನ್ನು ನುಂಗಿ ನೀರು ಕುಡಿಯುತ್ತದೆ. ಹಾಗಾಗಿ ಮೊದಲ ಖರ್ಚು ಚಾವಣಿಗೆ ಮಾಡಿದೆ: ಹೆಂಚಿನ ಕೆಳಗೆ ಒಂದಡಿ ಬಿಟ್ಟು ತೆಂಗಿನ ಗರಿಯ ತಡಿಕೆ, ಪಡುವಣ ಗೋಡೆಗೆ ಹೊರಗಿನಿಂದ ಸುಣ್ಣ, ಅದರ ಮುಂದೆ ನೆರಳಿನ ಬಲೆ. ಇಷ್ಟಕ್ಕೇ ಮಧ್ಯಾಹ್ನದ ಧಗೆ ಅರ್ಧ ಇಳಿಯಿತು. ಮೈಕ್ರೋಕಂಟ್ರೋಲರ್ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಕೊಳ್ಳಲು ಹೊರಟವರು ಮೊದಲು ಸೂರನ್ನು ನೋಡಿ ಅನ್ನುತ್ತೇನೆ. ಎಷ್ಟು ಜಾಣ ಕೋಡ್ ಬರೆದರೂ ಸಿಮೆಂಟ್ ಶೀಟಿನ ಕಾವನ್ನು ಅದು ತಡೆಯುವುದಿಲ್ಲ.

ತಂಪಿಗೆ ಏಸಿ ಹಾಕಲಿಲ್ಲ. ಏಸಿ ಗಾಳಿಯನ್ನು ಒಣಗಿಸುತ್ತದೆ, ಅಣಬೆಗೆ ಬೇಕಿರುವುದು ಒದ್ದೆ ಗಾಳಿ. ಒಂದು ಕೈಯಲ್ಲಿ ತೇವ ಹೀರಿ ಇನ್ನೊಂದು ಕೈಯಲ್ಲಿ ನೀರು ಚಿಮುಕಿಸುವ ಕೆಲಸಕ್ಕೆ ಯಾಕೆ ದುಡ್ಡು ಸುರಿಯಬೇಕು? ಮನೆಗಳಲ್ಲಿ ಬಳಸುವ ದೊಡ್ಡ ಏರ್ ಕೂಲರನ್ನೇ ಗೋಡೆಯ ಹೊರಗೆ ಕೂರಿಸಿ, ಒಳಕ್ಕೆ ಊದುವ ಹಾಗೆ ಕಿಂಡಿ ತೆಗೆಸಿದೆ. ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನು. ಕೂಲರಿನ ಒಳವೈರಿಂಗ್ ಬಿಚ್ಚಿ ಫ್ಯಾನಿಗೊಂದು, ನೀರಿನ ಪಂಪಿಗೊಂದು ಬೇರೆ ಬೇರೆ ತಂತಿ ಎಳೆದದ್ದು ಇಡೀ ಕೆಲಸದಲ್ಲಿ ಅತ್ಯಂತ ಲಾಭದ ಹೆಜ್ಜೆ. ರಾತ್ರಿ ಹೊರಗಿನ ಗಾಳಿಯೇ ತಂಪಾಗಿದ್ದರೆ ಬರೀ ಫ್ಯಾನು ಸಾಕು. ಹಗಲು ಎರಡೂ ಬೇಕು. ತೇವ ಮಾತ್ರ ಕಡಿಮೆಯಾದಾಗ ಪಂಪು ನಡೆಸಿ ಫ್ಯಾನನ್ನು ನಿಧಾನಕ್ಕೆ ತಿರುಗಿಸಿದರಾಯಿತು.

ಕೂಲರ್ ಎಷ್ಟು ತಂಪು ಕೊಟ್ಟೀತು ಎಂಬುದು ಹೊರಗಿನ ಗಾಳಿಯ ಮೇಲೆ ನಿಂತಿದೆ. 36 ಡಿಗ್ರಿ, ಶೇ. 25 ತೇವ ಇರುವ ಬೇಸಿಗೆ ಮಧ್ಯಾಹ್ನ ಗಾಳಿಯ ಒದ್ದೆ ಬಲ್ಬ್ ತಾಪಮಾನ, ಅಂದರೆ ನೀರು ಆವಿಯಾಗಿ ಗಾಳಿ ತಣಿಯಬಲ್ಲ ಕೊನೆಯ ಮಿತಿ, ಸುಮಾರು 21.5 ಇರುತ್ತದೆ. ಪ್ಯಾಡು ಚೆನ್ನಾಗಿ ನೆನೆದಿದ್ದರೆ ಒಳಬರುವ ಗಾಳಿ 25ರ ಹತ್ತಿರಕ್ಕೆ ಬಂದೀತು. ಅದೇ ಆಷಾಢದಲ್ಲಿ 27 ಡಿಗ್ರಿ, ಶೇ. 85 ತೇವ ಇದ್ದಾಗ ಎಷ್ಟೇ ನೀರು ಸುರಿದರೂ ಎರಡು ಡಿಗ್ರಿಗಿಂತ ಹೆಚ್ಚು ಇಳಿಯದು. ಆಗ ಪಂಪು ಹಾಕುವುದೆಂದರೆ ಒಳಗೆ ಸುಮ್ಮನೆ ತೊಟ್ಟಿಕ್ಕಿಸಿ ಚೀಲಗಳ ಮೇಲೆ ಹಸಿರು ಬೂಸ್ಟು ಕರೆದ ಹಾಗೆ. ಹಾಗಾಗಿ ಹೊರಗೆ ನೆರಳಿನಲ್ಲಿ ಇನ್ನೊಂದು ಸೆನ್ಸರ್ ಇಟ್ಟಿದ್ದೇನೆ. ರೋಲಂಡ್ ಸ್ಟಲ್ 2011ರಲ್ಲಿ ಪ್ರಕಟಿಸಿದ ಸೂತ್ರವೊಂದಿದೆ. ತಾಪಮಾನ ಮತ್ತು ತೇವಾಂಶ ಕೊಟ್ಟರೆ ಒದ್ದೆ ಬಲ್ಬ್ ತಾಪಮಾನವನ್ನು ಒಂದೇ ಸಾಲಿನಲ್ಲಿ ಲೆಕ್ಕ ಹಾಕಿಕೊಡುತ್ತದೆ. ಹೊರಗಿನ ಲೆಕ್ಕ ಒಳಗಿನ ತಾಪಮಾನಕ್ಕಿಂತ ಕನಿಷ್ಠ 4 ಡಿಗ್ರಿ ಕಡಿಮೆ ಇದ್ದರೆ ಮಾತ್ರ ತಂಪಿಗೆಂದು ಪಂಪು ಓಡುತ್ತದೆ.

ಬೋರ್ಡು ಇಎಸ್‌ಪಿ32. ಇದೂ ಒಂದು ಮೈಕ್ರೋಕಂಟ್ರೋಲರ್ ಬೋರ್ಡು. ಅಗ್ಗ, ವೈಫೈ ಇದೆ, ಆರ್ಡುಯಿನೊ (ಹವ್ಯಾಸಿಗಳು ಬಳಸುವ ಬೋರ್ಡು) ಬಲ್ಲವರಿಗೆ ಹೊಸ ಕಲಿಕೆ ಬೇಕಿಲ್ಲ. ಪೆಟ್ಟಿಗೆಯನ್ನು ಕೋಣೆಯ ಹೊರಗೆ, ಜಗಲಿಯ ಮೇಲೆ ಇಟ್ಟೆ; ಶೇ. 90 ತೇವದಲ್ಲಿ ಎಲೆಕ್ಟ್ರಾನಿಕ್ಸ್ ಇಟ್ಟರೆ ಪಿನ್ನುಗಳಿಗೆ ಕಿಲುಬು ಹಿಡಿಯಲು ಒಂದು ಮಳೆಗಾಲ ಸಾಕು. ಆದರೆ ಪೆಟ್ಟಿಗೆ ಹೊರಗಿದ್ದರೆ ಸೆನ್ಸರಿನ ತಂತಿ ಉದ್ದವಾಗುತ್ತದೆ. ಎಸ್‌ಎಚ್‌ಟಿ31ರಂಥ ತಾಪ, ತೇವ ಅಳೆಯುವ ಚಿಪ್ಪು ಮಾತಾಡುವುದು ಐ2ಸಿ ಎಂಬ ಕ್ರಮದಲ್ಲಿ. ಅದು ಹುಟ್ಟಿದ್ದೇ ಒಂದು ಬೋರ್ಡಿನೊಳಗಿನ ಮಾತುಕತೆಗೆ. ಐದಾರು ಮೀಟರ್ ಎಳೆದರೆ ತೊದಲುತ್ತದೆ. ಅದಕ್ಕೇ ಕೋಣೆಯೊಳಗೆ ಆರ್‌ಎಸ್‌485 ಎಂಬ, ಉದ್ದ ತಂತಿಗೆಂದೇ ಇರುವ ಕ್ರಮದಲ್ಲಿ ಮಾತಾಡುವ ಸೆನ್ಸರ್ ಹಾಕಿದೆ. ಮೋಟಾರುಗಳ ಪಕ್ಕದಲ್ಲೇ ಹಾದುಹೋದರೂ ಆ ತಂತಿಗೆ ತೊಂದರೆಯಿಲ್ಲ. ಡಿಎಚ್‌ಟಿ22 ಎಂಬ ಸೆನ್ಸರ್ ಎಲ್ಲ ಕಡೆ ಸಿಗುತ್ತದೆ, ಅಗ್ಗವೂ ಹೌದು, ಆದರೆ ಸದಾ ಒದ್ದೆಯಾಗಿರುವ ಕೋಣೆಯಲ್ಲಿ ಅದರ ಲೆಕ್ಕ ನಿಧಾನವಾಗಿ ಮೇಲಕ್ಕೆ ಜಾರುತ್ತದೆ. ಅಣಬೆ ಮನೆಗೆ ಅದು ಬೇಡ.

ಹೊಸ ಸೆನ್ಸರನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಇದಕ್ಕೆ ಅಡುಗೆಮನೆಯಲ್ಲೇ ದಾರಿಯಿದೆ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಪಾಯಸದಂತೆ ನೀರಾಗದೆ ಹಸಿ ಮರಳಿನಷ್ಟೇ ಒದ್ದೆಯಾಗುವ ಹಾಗೆ ಹನಿ ಹನಿ ನೀರು ಬಿಡಬೇಕು. ಅದನ್ನೂ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯೊಳಗಿಟ್ಟು, ಒಂದಕ್ಕೊಂದು ತಾಗದಂತೆ ನೋಡಿಕೊಂಡು, ರಾತ್ರಿಯಿಡೀ ಬಿಸಿಲು–ಫ್ಯಾನು ಇಲ್ಲದ ಕಡೆ ಬಿಡಬೇಕು. ಬೆಳಿಗ್ಗೆ ಒಳಗಿನ ತೇವಾಂಶ ಶೇ. 75 ಆಗಿರಲೇಬೇಕು, ಇದು ಪ್ರಕೃತಿಯ ಲೆಕ್ಕ, ಕಂಪನಿಯದ್ದಲ್ಲ. ನನ್ನವುಗಳಲ್ಲಿ ಒಂದು 74 ತೋರಿಸಿತು, ಇನ್ನೊಂದು 79. ನಮಗೆ ಮುಖ್ಯವಾದದ್ದು 80ರ ಮೇಲಿನ ಭಾಗ. ಆ ತುದಿಯನ್ನೂ ನೋಡಬೇಕೆಂದರೆ ಗೊಬ್ಬರದಂಗಡಿಯಲ್ಲಿ 0:0:50 ಎಂದು ಸಿಗುವ ಪೊಟ್ಯಾಸಿಯಂ ಸಲ್ಫೇಟ್ ತಂದು ಹೀಗೆಯೇ ಮಾಡಿದರೆ ಶೇ. 97 ಬರುತ್ತದೆ. ಎರಡೂ ಬಿಂದು ಕೈಯಲ್ಲಿದ್ದರೆ ಕೋಡಿನಲ್ಲಿ ತಿದ್ದುಪಡಿ ಹಾಕುವುದು ಸುಲಭ.

ಇನ್ನು ಚೀಲದ ವಿಷಯ. ಕೋಣೆಯ ಗಾಳಿ 27 ಇದೆಯೆಂದು ಪರದೆ ತೋರಿಸುತ್ತಿರುತ್ತದೆ. ಅದೇ ಹೊತ್ತಿಗೆ ಬೀಜ ಹಾಕಿ ವಾರವಾದ ಚೀಲದ ಹೊಟ್ಟೆ 32 ಇರುತ್ತದೆ. ಎಳೆ ಹಬ್ಬುವಾಗ ಅಣಬೆಯೂ ಉಸಿರಾಡುತ್ತದೆ, ಉಸಿರಾಟದಿಂದ ಕಾವು ಹುಟ್ಟುತ್ತದೆ, ಹುಲ್ಲು ಆ ಕಾವನ್ನು ಹೊರಗೆ ಬಿಡುವುದಿಲ್ಲ. ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿದರಂತೂ ಇನ್ನೂ ಹೆಚ್ಚು. ಹಾಗಾಗಿ ಸಾಲಿಗೊಂದು ಚೀಲದ ನಡುಭಾಗಕ್ಕೆ ಡಿಎಸ್‌18ಬಿ20 ಎಂಬ ಸ್ಟೀಲ್ ಕೊಳವೆಯ ಸೆನ್ಸರನ್ನು, ಸ್ಪಿರಿಟ್ಟಿನಲ್ಲಿ ಒರೆಸಿ, ಚುಚ್ಚಿಡುತ್ತೇನೆ. ಈ ಹಂತದಲ್ಲಿ ಕೂಲರಿಗೆ ಅಪ್ಪಣೆ ಕೊಡುವುದು ಗಾಳಿಯ ಸೆನ್ಸರಲ್ಲ, ಅತಿ ಬಿಸಿಯಾದ ಚೀಲ. 30 ದಾಟಿದರೆ ಫ್ಯಾನು ಶುರು, 28ಕ್ಕೆ ಇಳಿದರೆ ನಿಲುಗಡೆ, ನಡುವೆ ಕನಿಷ್ಠ ಐದು ನಿಮಿಷದ ಬಿಡುವು. ಪಿಐಡಿ (ತಾಪವನ್ನು ಕ್ಷಣಕ್ಷಣಕ್ಕೂ ಸೂಕ್ಷ್ಮವಾಗಿ ತಿದ್ದುವ ಲೆಕ್ಕ) ಗಿಐಡಿ ಅಂತ ತಲೆಕೆಡಿಸಿಕೊಳ್ಳಲಿಲ್ಲ. ಹುಲ್ಲಿನ ಚೀಲ ಗಂಟೆಗಟ್ಟಲೆ ತೆಗೆದುಕೊಂಡು ಬಿಸಿಯಾಗುವ ವಸ್ತು. ಅದಕ್ಕೆ ಅಷ್ಟು ನಾಜೂಕು ದಂಡ.

ಡಿಎಸ್‌18ಬಿ20 ಬಳಸುವವರು ಎರಡು ಸಂಖ್ಯೆ ನೆನಪಿಡಬೇಕು: 85 ಮತ್ತು ಮೈನಸ್ 127. ಕರೆಂಟ್ ಹೋಗಿ ಬಂದಾಗ ಅಳತೆ ಮುಗಿಯುವ ಮೊದಲೇ ಓದಿದರೆ ಆ ಸೆನ್ಸರ್ 85 ಎನ್ನುತ್ತದೆ, ಅದು ಅದರ ಹುಟ್ಟುಗುಣ. ತಂತಿ ಕಡಿದರೆ ಆರ್ಡುಯಿನೊ ಲೈಬ್ರರಿ ಮೈನಸ್ 127 ಕೊಡುತ್ತದೆ. ಕೋಡು ಇವನ್ನು ನಿಜವಾದ ತಾಪಮಾನ ಎಂದುಕೊಂಡರೆ ಮೊದಲನೆಯದಕ್ಕೆ ಕೂಲರ್ ಹಾಕುತ್ತದೆ, ಎರಡನೆಯದಕ್ಕೆ ಹೀಟರ್ ಹಾಕಿ ಕೂರುತ್ತದೆ. ಇಲಿ ತಂತಿ ಕಡಿದ ರಾತ್ರಿ ಇಡೀ ಹೀಟರ್ ಉರಿದರೆ ಬೆಳಿಗ್ಗೆ ಏನು ಉಳಿದೀತು? ಹೀಗಾಗಿ ನನ್ನ ಕೋಡಿನ ಮುಕ್ಕಾಲು ಪಾಲು ಇರುವುದು ಅನುಮಾನಕ್ಕೆ. 5ಕ್ಕಿಂತ ಕಡಿಮೆ, 50ಕ್ಕಿಂತ ಹೆಚ್ಚು ಬಂದರೆ ಎಸೆ. ಒಂದು ನಿಮಿಷದಲ್ಲಿ ಮೂರು ಡಿಗ್ರಿಗಿಂತ ಹೆಚ್ಚು ಜಿಗಿದರೆ ನಂಬಬೇಡ. ಅರ್ಧ ಗಂಟೆ ಒಂದೇ ಸಂಖ್ಯೆ ದಶಮಾಂಶವೂ ಅಲುಗಾಡದೆ ಬಂದರೆ ಅದೂ ಸುಳ್ಳು. ನಂಬುವ ಸೆನ್ಸರ್ ಒಂದೂ ಉಳಿಯದಿದ್ದರೆ ಹೀಟರ್ ಬಂದ್, ಗಂಟೆಗೆ ಹತ್ತು ನಿಮಿಷ ಫ್ಯಾನು, ಜೊತೆಗೆ ಸೈರನ್ನು. ಬಿಸಿಯಾದಾಗ ಫ್ಯಾನು ಹಾಕುವ ಭಾಗವನ್ನು ಯಾರಾದರೂ ಒಂದು ಸಂಜೆಯಲ್ಲಿ ಬರೆದಾರು. ಯಾವಾಗ ತನ್ನ ಕಣ್ಣನ್ನೇ ನಂಬಬಾರದು ಎಂದು ಪೆಟ್ಟಿಗೆಗೆ ಕಲಿಸುವುದೇ ಅಸಲಿ ಕೆಲಸ.

ಹೀಟರ್ ಬೇಕಾಗುವುದು ಚಳಿಗಾಲದ ರಾತ್ರಿಗಳಿಗಷ್ಟೆ, ಅದಕ್ಕೆ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು, ಇದೆ. ಈ ಜಾತಿಯ ರಿಲೇ ಸತ್ತರೆ ಸಾಮಾನ್ಯವಾಗಿ ‘ಆನ್’ ಆಗಿಯೇ ಸಾಯುತ್ತದೆ. ಆದ್ದರಿಂದ ಹೀಟರಿನ ತಂತಿಯಲ್ಲೇ 40 ಡಿಗ್ರಿಗೆ ತಾನಾಗಿ ಬಿಡಿಸಿಕೊಳ್ಳುವ ಬೈಮೆಟಲ್ ಥರ್ಮೋಸ್ಟಾಟ್ ಕೂಡಿಸಿದ್ದೇನೆ. ಅದಕ್ಕೆ ಕೋಡೂ ಇಲ್ಲ, ವೈಫೈಯೂ ಇಲ್ಲ. ಫ್ಯಾನು, ಕೂಲರಿಗೆ 24 ವೋಲ್ಟ್ ಡಿಸಿ ಸುರುಳಿಯ ದೊಡ್ಡ ಸ್ವಿಚ್ಚುಗಳು, ಅಂದರೆ ಕಾಂಟ್ಯಾಕ್ಟರ್‌ಗಳು. ಸಂಜೆ ನಮ್ಮಲ್ಲಿ ವೋಲ್ಟೇಜು 170ಕ್ಕೆ ಇಳಿಯುವುದುಂಟು. 230 ವೋಲ್ಟಿನ ಸುರುಳಿಯಾದರೆ ಆಗ ಗರಗರ ಅಂತ ನಡುಗಿ ಕಾಂಟ್ಯಾಕ್ಟನ್ನೇ ಸುಟ್ಟುಕೊಳ್ಳುತ್ತದೆ. 90ರಿಂದ 264 ವೋಲ್ಟಿನವರೆಗೆ ನಡೆಯುವ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ 24 ವೋಲ್ಟ್ ಕೊಟ್ಟರೆ ಆ ಗೋಳಿಲ್ಲ. ಮೋಟಾರುಗಳ ಅಡ್ಡಕ್ಕೆ ಸ್ನಬ್ಬರ್ (ಸ್ವಿಚ್ಚು ಬಿಟ್ಟಾಗ ಏಳುವ ವೋಲ್ಟೇಜ್ ಜಿಗಿತವನ್ನು ಹೀರುವ ಬಿಡಿಭಾಗ) ಹಾಕಿಸಿ, ಇಲ್ಲದಿದ್ದರೆ ಫ್ಯಾನು ನಿಂತಾಗಲೆಲ್ಲ ಬೋರ್ಡು ರೀಸೆಟ್ ಆಗುವುದುಂಟು. ಇಎಸ್‌ಪಿ32ರಲ್ಲಿ 0, 5, 14, 15ನೇ ಪಿನ್ನುಗಳು ಬೂಟ್ ಆಗುವಾಗ ತಾವಾಗಿ ಮಿಡಿಯುತ್ತವೆ, ರಿಲೇಗೆ ಅವು ಬೇಡ; 25, 26, 27, 32, 33 ಸಾಧುಪ್ರಾಣಿಗಳು. ನೀರೂ ಕರೆಂಟೂ ಒಂದೇ ಕೋಣೆಯಲ್ಲಿ ಇರುವುದರಿಂದ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಆ ಭಾಗವನ್ನು ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ.

ಗಾಳಿ ಬದಲಾವಣೆಗೆ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇದೆ. ಈ ಅನಿಲ 1000 ಪಿಪಿಎಂ ದಾಟಿ ನಿಂತರೆ ಅಣಬೆಯ ಕಾಲು ಉದ್ದವಾಗಿ ಕೊಡೆ ಗುಂಡಿಯಷ್ಟಾಗುತ್ತದೆ, ಸಂತೆಯಲ್ಲಿ ಯಾರೂ ಮೂಸುವುದಿಲ್ಲ. ಎಂಎಚ್‌-ಜ಼ಡ್19 ಸೆನ್ಸರ್ ತರುವವರಿಗೆ ಒಂದು ಮಾತು: ಅದರಲ್ಲಿ ತಾನೇ ತಿದ್ದಿಕೊಳ್ಳುವ ವ್ಯವಸ್ಥೆಯಿದೆ. ದಿನದಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನು ಹೊರಗಿನ ಗಾಳಿ, ಅಂದರೆ 400, ಎಂದು ಭಾವಿಸುತ್ತದೆ. ಆಫೀಸು ಕೋಣೆಗೆ ಅದು ಸರಿ, ರಾತ್ರಿ ಜನ ಇರುವುದಿಲ್ಲ. ಅಣಬೆ ರಾತ್ರಿಯೂ ಉಸಿರಾಡುತ್ತದೆ, ಇಲ್ಲಿ 400 ಎಂದೂ ಬರುವುದೇ ಇಲ್ಲ. ಬಿಟ್ಟರೆ ದಿನೇ ದಿನೇ ಕಡಿಮೆ ತೋರಿಸುತ್ತಾ ಹೋಗುತ್ತದೆ. ಕೋಡಿನಿಂದ ಅದನ್ನು ಬಂದ್ ಮಾಡಿ, ಆಗೊಮ್ಮೆ ಈಗೊಮ್ಮೆ ತೋಟದ ಗಾಳಿಗೆ ಹಿಡಿದು ನಾವೇ ತಿದ್ದಬೇಕು. ಸೆನ್ಸರಿನ ಬಾಯಿಗೆ ಸೋಸುಬಟ್ಟೆಯೂ ಬೇಕು. ಚಿಪ್ಪಣಬೆಯ ಬೀಜಕಣ ಹಿಟ್ಟಿನಂತೆ ಎಲ್ಲದರ ಮೇಲೂ ಕೂರುತ್ತದೆ. ಕೊಯ್ಯುವವರ ಮೂಗಿಗೂ ಮಾಸ್ಕ್ ಬೇಕು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆ ಪುಡಿಯಿಂದ ಕೆಮ್ಮು ಹತ್ತಿದರೆ ಬೇಗ ಬಿಡುವುದಿಲ್ಲ.

ಪೆಟ್ಟಿಗೆಯ ಮುಂಭಾಗದಲ್ಲಿ ಫ್ಯಾನಿಗೂ ಪಂಪಿಗೂ ಒಂದೊಂದು ಆಟೋ–ಆಫ್–ಮ್ಯಾನ್ಯುಯಲ್ ಸ್ವಿಚ್ಚು ಇದೆ. ಇದು ಅಮ್ಮನ ಹಟಕ್ಕೆ ಬಂದದ್ದು. "ಒಳಗೆ ಕುದಿಯಾಗೈತೆ ಅಂತ ನನ್ ಮೈಗೇ ಗೊತ್ತಾಗ್ತೈತೆ ಮಗಾ, ಫ್ಯಾನ್ ಹಾಕಾಕೆ ನಿನ್ ಮೊಬೈಲ್ ಹುಡುಕ್ಕಂಡು ಕೂರ್ಲಾ?" ಅಂದಳು. ಮಾತು ಸರಿಯಾಗೇ ಇತ್ತು. ಮೊಬೈಲಿನಲ್ಲಿ ಗ್ರಾಫು ನೋಡುವುದು ನನಗೆ ಚೆಂದ, ಕೋಣೆ ನಡೆಸುವುದಕ್ಕೆ ಅದರ ಅಗತ್ಯವಿಲ್ಲ. ವೈಫೈ ಹೋದರೂ ಎಲ್ಲವೂ ನಡೆಯುವಂತೆ ಗಡಿಯಾರಕ್ಕೆ ಡಿಎಸ್‌3231 ಚಿಪ್ಪು ಇಟ್ಟಿದ್ದೇನೆ. ಕೋಡು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ವಾಚ್‌ಡಾಗ್ ಮೂವತ್ತು ಸೆಕೆಂಡಿನಲ್ಲಿ ಬೋರ್ಡನ್ನು ಮತ್ತೆ ಎಬ್ಬಿಸುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರಿನಿಂದ ಬರುವ ಒಂದು ಗೆರೆ ಬೋರ್ಡನ್ನೂ ಎಕ್ಸಾಸ್ಟ್ ಫ್ಯಾನನ್ನೂ ಮಾತ್ರ ನಡೆಸುತ್ತದೆ, ಕೂಲರಿಗೆ ಬ್ಯಾಟರಿ ಸಾಲದು. ಕರೆಂಟ್ ಮರಳಿದ ಮೇಲೂ ಮೂರು ನಿಮಿಷ ಕಾದೇ ಮೋಟಾರುಗಳು ಏಳುತ್ತವೆ. ಲೈನು ಬಂದ ಹೊಸದರಲ್ಲಿ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಎಳೆಯುವಾಗ ನಮ್ಮದೂ ಸೇರಬೇಕಿಲ್ಲ.

ಮಾರ್ಚ್ ಕಳೆದ ಮೇಲೆ ಚಿಪ್ಪಣಬೆ ನಿಲ್ಲಿಸಿ ಹಾಲಣಬೆಗೆ ಹೊರಳುತ್ತೇನೆ. ಅದಕ್ಕೆ 30ರಿಂದ 35 ಡಿಗ್ರಿಯೇ ಹಿತ, ಆದ್ದರಿಂದ ಏಪ್ರಿಲಿನಲ್ಲಿ ಕೂಲರ್ ಹಗಲಿಡೀ ಬಡಿದಾಡುವುದು ತಪ್ಪುತ್ತದೆ. ಪೆಟ್ಟಿಗೆಯಲ್ಲಿ ಅದಕ್ಕೆಂದು ಬೇರೆ ಅಂಕಿಗಳ ಒಂದು ಗುಂಪು ಇದೆ, ಬೆಳೆ ಬದಲಾದರೆ ಗುಂಡಿ ಒತ್ತಿ ಅದನ್ನು ಆರಿಸಿದರಾಯಿತು. ಎಳೆ ಹಬ್ಬಿದ ಮೇಲೆ ಹಾಲಣಬೆಯ ಚೀಲದ ಬಾಯಿ ಬಿಚ್ಚಿ ಒಂದಂಗುಲ ಮಣ್ಣು–ಗೊಬ್ಬರದ ಹೊದಿಕೆ ಕೊಡಬೇಕು, ಅದು ಒಣಗದಂತೆ ದಿನಾ ನೀರು ಚಿಮುಕಿಸಬೇಕು. ಆ ಹೊದಿಕೆಯ ತೇವವನ್ನು ಅಳೆಯಲು ಮಣ್ಣಿಗೆ ಚುಚ್ಚುವ ಸೆನ್ಸರನ್ನು ಈ ಸಲ ಹಾಕಿ ನೋಡುತ್ತಿದ್ದೇನೆ. ಸದ್ಯಕ್ಕೆ ಅದರ ಅಂಕಿಗಿಂತ ಅಮ್ಮನ ಬೆರಳಿನ ಅಂದಾಜೇ ನಿಖರವಾಗಿದೆ. ಎರಡನ್ನೂ ಒಂದೇ ವಹಿಯಲ್ಲಿ ಬರೆದಿಡುತ್ತಿದ್ದೇನೆ.